ಟರ್ಬೊ ಪೆಟ್ರೋಲು ಮತ್ತು ಅವ್ವನ ಕಿವಿ

ಕಾರು ತಗೊಳ್ಳುವ ವಿಚಾರ ಇದೆ ಅಂತ ಬನಹಟ್ಟಿಯಲ್ಲಿ ಮಾತ್ರ ಬಾಯಿ ಬಿಡಬೇಡಿ. ನಾನು ಬಿಟ್ಟೆ. ಅದೂ ಕಟಿಂಗ್ ಅಂಗಡಿಯಲ್ಲಿ, ಅರ್ಧ ಗಡ್ಡ ಹೆರೆಸಿಕೊಂಡು ಕೂತಿದ್ದಾಗ. ಉಳಿದರ್ಧ ಮುಗಿಯುವುದರೊಳಗೆ ಅಂಗಡಿಯೇ ಎರಡು ಪಾರ್ಟಿಯಾಗಿತ್ತು. ಒಂದು ಪೆಟ್ರೋಲ್ ಪಾರ್ಟಿ, ಇನ್ನೊಂದು ಡೀಸೆಲ್ ಪಾರ್ಟಿ.

ಅವರಲ್ಲಿ ಕಾರಿದ್ದವರು ಎಷ್ಟು ಜನ? ಒಬ್ಬರೂ ಇಲ್ಲ.

ಡೀಸೆಲ್ ಪಾರ್ಟಿಗೆ ನನ್ನ ಗೆಳೆಯ ಮಹಾದೇವನೇ ಲೀಡರ್. ಪಂಪ್‌ಸೆಟ್ ರಿಪೇರಿ ಅವನ ಕಸುಬು. "ಡೀಸೆಲ್ ತಗೋರಿ ಮಾಸ್ತರ. ಎಂಥಾ ಲೋಡ್ ಇದ್ರೂ ಎಳಿತೈತಿ. ಪೆಟ್ರೋಲ್ ಅಂದ್ರ ಬರೇ ಷೋಕಿ."

ನನಗೆ ಬೇಕಾಗಿದ್ದೂ ಷೋಕಿಯೇ. (ಹೈಸ್ಕೂಲ್ ಮಾಸ್ತರನಿಗೆ ಷೋಕಿ ಇರಬಾರದು ಅಂತ ಯಾವ ಸರ್ಕ್ಯುಲರ್‌ನಲ್ಲಿದೆ?) ಜಮಖಂಡಿಯ ಷೋರೂಮಿನಲ್ಲಿ ಆ ಕಾರು ನೋಡಿದ ದಿನದಿಂದ ನಿದ್ದೆ ಸರಿಯಿರಲಿಲ್ಲ. ಐದು ಜನ ಕೂರುವ ಸಂಸಾರದ ಗಾಡಿಯೇ. ಆದರೆ ಮೈಮೇಲೆ ಕಪ್ಪು ಪಟ್ಟಿ, ಹಿಂದೆ ಹಕ್ಕಿಯ ಹಾಗೆ ಒಂದು ಪುಟ್ಟ ರೆಕ್ಕೆ. ಎಂಜಿನ್ ಮೂರು ಥರ. ಸಾದಾ ಪೆಟ್ರೋಲ್, ಡೀಸೆಲ್, ಟರ್ಬೊ ಪೆಟ್ರೋಲ್. "ಟರ್ಬೊ ಅಂದ್ರ ಒತ್ತಿದ ಕೂಡ್ಲೆ ಜಿಗಿತೈತ್ರಿ ಸರ" ಅಂದರು ಸೇಲ್ಸ್‌ಮನ್.

ಎಲ್ಲಿ ಜಿಗಿಯುವುದು? ಕಬ್ಬಿನ ಸೀಸನ್ ಶುರುವಾದರೆ ನಮ್ಮ ರಸ್ತೆಗಳಲ್ಲಿ ಆಮೆಯೂ ಹಾರ್ನ್ ಹೊಡೆಯುತ್ತದೆ. ಆದರೆ ಆಸೆ ಹುಟ್ಟಿದವನು ರಸ್ತೆಯನ್ನು ನೋಡುತ್ತಾನೆಯೇ?

ಇಲ್ಲಿ ನಮ್ಮ ಮನೆಯ ಬಗ್ಗೆ ಸ್ವಲ್ಪ ಹೇಳಬೇಕು. ಮನೆಯ ಮುಂಭಾಗದಲ್ಲಿ ನಾಲ್ಕು ಪವರ್‌ಲೂಮ್‌ಗಳಿವೆ. ಬೆಳಿಗ್ಗೆ ಕರೆಂಟು ಬಂದದ್ದೇ ಖಟಾಖಟ್ ಶುರು. ಆ ಸದ್ದಿನಲ್ಲೇ ಆಯುಷ್ಯ ಕಳೆದ ಅವ್ವನ ಕಿವಿ ಸ್ವಲ್ಪ ಮಂದ, ದನಿ ದೊಡ್ಡದು. ಹೆಂಡತಿ ಶೈಲಾ ಮುಧೋಳದವಳು, ರನ್ನ ಬೆಳಗಲಿಯಲ್ಲಿ ಶಾಲೆ ಟೀಚರ್. ಅವಳ ದನಿ ಮೆಲ್ಲಗೆ. ಅವಳು ಹೇಳಿದ್ದು ಅವ್ವನಿಗೆ ಕೇಳಿಸುವುದಿಲ್ಲ, ಅವ್ವ ಹೇಳಿದ್ದು ಅವಳಿಗೆ ಬೈದ ಹಾಗೆ ಕೇಳಿಸುತ್ತದೆ. ಹೀಗಾಗಿ ಅತ್ತೆ ಸೊಸೆಯ ನಡುವೆ ನಾನೇ ದುಭಾಷಿ.

ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಶೈಲಾ ತವರಿನಲ್ಲಿದ್ದು ಡ್ರೈವಿಂಗ್ ಕಲಿತು, ಲೈಸೆನ್ಸ್ ಮಾಡಿಸಿಕೊಂಡು ಬಂದಳು. "ಮುಂದ ಕಾರ್ ತಗೊಂಡ್ರ ಸಾಲಿಗೆ ನಾನ ಹೊಡಕೊಂಡ ಹೋಗ್ತೀನ್ರಿ" ಅಂದಳು. ದಿನಾ ಮಹಾಲಿಂಗಪುರದಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಹೋಗುವವಳು. ನಾನು, "ಅವ್ವ ಒಪ್ಪಾಂಗಿಲ್ಲ ನೋಡು" ಅಂದೆ. ಅವಳು ಮತ್ತೆ ಕೇಳಲಿಲ್ಲ.

ಟೆಸ್ಟ್ ಡ್ರೈವಿಗೆ ಮೂವರೂ ಹೋದೆವು. ನನ್ನ ಪಕ್ಕ ಶೈಲಾ, ಹಿಂದೆ ಅವ್ವ ಮತ್ತು ಸೇಲ್ಸ್‌ಮನ್. ಮೊದಲು ಡೀಸೆಲ್. ಹಿಂದಿನ ಸೀಟಿನಲ್ಲಿ ಅವ್ವ ಕಣ್ಣು ಮುಚ್ಚಿ ಆಲಿಸಿದಳು. "ನಮ್ಮ ಮಗ್ಗದಂಗ ಐತಿ. ಛಲೋ ಐತಿ."

ಆಮೇಲೆ ಟರ್ಬೊ. ಮುಧೋಳ ರಸ್ತೆಯಲ್ಲಿ ಅರ್ಧ ಮೈಲಿ ಬಂದಿದ್ದೆವು. ಅವ್ವ ಕೇಳಿದಳು, "ಯಾವಾಗ ಚಾಲೂ ಮಾಡ್ತೀಯೋ ಯಪ್ಪಾ?"

ಎಲ್ಲರೂ ನಕ್ಕೆವು. ಅಷ್ಟರಲ್ಲಿ ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್. ದಾಟಲು ಧೈರ್ಯ ಸಾಲದೆ ಹಿಂದೆಯೇ ತೆವಳುತ್ತಿದ್ದೆ. ಕಿಟಕಿಗಳು ಮುಚ್ಚಿದ್ದವು. ಶೈಲಾ ಎಂದಿನ ಮೆಲುದನಿಯಲ್ಲಿ ಅಂದಳು, "ಯಾವ ಎಂಜಿನ್ ತಗೊಂಡ್ರೂ ನನಗೇನ್ರಿ? ನಾ ಏನ್ ಹೊಡ್ಯಾಕಿ ಅಲ್ಲ. ಅತ್ತಿ ಬ್ಯಾಡ ಅಂದಾರ."

ಹಿಂದಿನಿಂದ ದನಿ ಬಂತು.

"ನಾ ಯಾವಾಗ ಬ್ಯಾಡ ಅಂದೀನೋ?"

ನನಗಿಂತ ಮೊದಲು ಸೇಲ್ಸ್‌ಮನ್ನರೇ ಬಾಯಿ ಹಾಕಿದರು. "ನೋಡ್ರಿ ಸರ, ಇದರಾಗ ಸೌಂಡ್ ಭಾಳ ಕಡಿಮಿ. ಹಿಂದ ಕುಂತಾವ್ರಿಗೆ ಎಲ್ಲಾ ಕ್ಲಿಯರ್ ಕೇಳತೈತಿ."

ಕೇಳುತ್ತದೆ ಸ್ವಾಮಿ. ಚೆನ್ನಾಗಿ ಕೇಳುತ್ತದೆ.

ಶೈಲಾ ನನ್ನನ್ನೇ ನೋಡುತ್ತಿದ್ದಳು. ನಾನು ಟ್ರ್ಯಾಕ್ಟರನ್ನು ನೋಡುತ್ತಿದ್ದೆ. ಆ ಕಬ್ಬಿನ ಜಲ್ಲೆಗಳನ್ನು ಅಷ್ಟು ಭಕ್ತಿಯಿಂದ ಕಾರ್ಖಾನೆಯವರೂ ನೋಡಿರಲಿಕ್ಕಿಲ್ಲ.

"ಗಾಡಿ ನಿಂದರಸು" ಅಂದಳು ಅವ್ವ. ನಿಲ್ಲಿಸಿದೆ. "ನಾಕ ಮಗ್ಗ ನಾ ಒಬ್ಬಾಕಿನ ನಡಸೀನಿ. ಆಕಿಗಿ ಒಂದ ಗಾಡಿ ಬ್ಯಾಡ ಅಂತೀನೇನು? ಇಳಿ ಕೆಳಗ. ಶೈಲಾ, ನೀ ಹೊಡಿ ಯವ್ವಾ."

ನಾನು ಹಿಂದೆ ಬಂದು ಅವ್ವನ ಪಕ್ಕ ಕೂತೆ. ಶೈಲಾ ಸೀಟು ಮುಂದಕ್ಕೆ ಎಳೆದುಕೊಂಡು ಕೀ ತಿರುಗಿಸಿದಳು. ಮೊದಲ ಸಲ ಕಾರು ಜಗ್ಗಿ ಬಂದ್ ಆಯಿತು. ಎರಡನೇ ಸಲ ಹೊರಟಿತು. ಸ್ವಲ್ಪದರಲ್ಲೇ ಅದೇ ಟ್ರ್ಯಾಕ್ಟರ್ ಸಿಕ್ಕಿತು. ಅವಳು ಎದುರಿನ ರಸ್ತೆ ಖಾಲಿ ಇದೆಯೇ ನೋಡಿದಳು, ಹಾರ್ನ್ ಹೊಡೆದಳು, ಗೇರ್ ಇಳಿಸಿ ಒತ್ತಿದಳು. ಕಾರು ಜಿಗಿಯಿತು. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ನಗು ತಡೆದುಕೊಳ್ಳುತ್ತಿದ್ದಳು, ಆದರೆ ಅದು ನನಗಾಗಿ ಅಲ್ಲ.

ಅವ್ವ ನನ್ನ ತೊಡೆಗೆ ಒಂದು ತಿವಿದಳು. "ನನ್ನ ಹೆಸರ ಮ್ಯಾಲ ಎಷ್ಟ ವರ್ಷಾತು ಈ ಧಂದೆ?"

ಅವತ್ತು ಸಂಜೆ ನಾನು ಪಾರ್ಟಿ ಬದಲಿಸಿದೆ. ಡೀಸೆಲ್ಲೇ ವಾಸಿ, ಮೈಲೇಜು ಬರುತ್ತದೆ, ಗಟ್ಟಿ ಎಂಜಿನ್ನು, ಮಹಾದೇವ ಸುಳ್ಳು ಹೇಳುವವನಲ್ಲ ಅಂತ ಅರ್ಧ ಗಂಟೆ ಭಾಷಣ ಮಾಡಿದೆ. (ಗದ್ದಲದ ಗುಣಗಾನ ಮಾತ್ರ ಬಾಯಿಬಿಟ್ಟು ಮಾಡಲಿಲ್ಲ.)

ಶೈಲಾ ಪೂರ್ತಿ ಕೇಳಿಸಿಕೊಂಡಳು. "ಬೆಳಗಲಿಗೆ ಹೋಗಿ ಬರಾಕ ಡೀಸೆಲ್ ಯಾಕ್ರಿ? ನಾವೇನ ದಿನಾ ಮುಂಬೈಕ ಹೊಂಟೇವೇನು? ಟ್ರ್ಯಾಕ್ಟರ್ ದಾಟಾಕ ಜೀವ ಇರೂ ಗಾಡಿ ಬೇಕು." ಟರ್ಬೊ ಪಾಸಾಯಿತು. ಬಣ್ಣ ಅವ್ವ ಹೇಳಿದ್ದು, ಕುಂಕುಮದ ಕೆಂಪು.

ಕಾರು ಮನೆಗೆ ಬಂದು ಎರಡು ತಿಂಗಳಾಯಿತು. ಶೈಲಾ ದಿನಾ ಬೆಳಗಲಿಗೆ ಅದರಲ್ಲೇ ಹೋಗುತ್ತಾಳೆ. ನಾನು ತೇರದಾಳದ ಶಾಲೆಗೆ ಬಸ್ಸಿನಲ್ಲಿ. ರವಿವಾರ ಅತ್ತೆ ಸೊಸೆ ಇಬ್ಬರೇ ಕಾರಿನಲ್ಲಿ ಹೊರಡುತ್ತಾರೆ. ಏನು ಮಾತಾಡುತ್ತಾರೋ ಗೊತ್ತಿಲ್ಲ. ದುಭಾಷಿಯ ಕೆಲಸ ಹೋಯಿತು.

ತಮಾಷೆಯಾಗಿ ಬರೆದೆ. ಆದರೆ ಒಂದು ಮಾತು ತಮಾಷೆಯದಲ್ಲ. ಟೆಸ್ಟ್ ಡ್ರೈವ್ ಆದ ಮೂರನೆಯ ದಿನ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಶೈಲಾ ಕೇಳಿದಳು. "ಎರಡ ವರ್ಷ ಅತ್ತಿ ಮ್ಯಾಲ ಸಿಟ್ಟ ಇಟ್ಕೊಂಡಿದ್ನಿ. ಅವರ ಕಡೆ ನೆಟ್ಟಗ ನೋಡಿ ನಕ್ಕಿಲ್ಲ. ನಿಮಗ ಬ್ಯಾಡಾಗಿದ್ರ ನಿಮ್ಮ ಬಾಯಿಲೆ ಹೇಳಬೇಕಿತ್ತಲ್ರಿ?"

ಹೌದು, ಹೇಳಬೇಕಿತ್ತು. ಅವಳು ನನಗಿಂತ ಚೆನ್ನಾಗಿ ಓಡಿಸಿಬಿಟ್ಟರೆ ಅನ್ನುವ ಅಂಜಿಕೆ ನನ್ನದು. ಅದನ್ನು ಹೇಳಿಕೊಳ್ಳಲು ನಾಚಿಕೆ. ಅದಕ್ಕೇ ಅವ್ವನನ್ನು ಮುಂದೆ ಮಾಡಿದ್ದೆ. ಇಷ್ಟನ್ನು ಅಲ್ಲೇ, ತಲೆ ತಗ್ಗಿಸಿ ಹೇಳಿದೆ. ಅವಳು ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು.

ನಿಮ್ಮ ಮನೆಯಲ್ಲೂ "ಅವರು ಒಪ್ಪುವುದಿಲ್ಲ" ಅನ್ನುವ ಮಾತು ಇದ್ದೇ ಇರುತ್ತದೆ. ಆ "ಅವರನ್ನು" ಯಾರಾದರೂ ಒಂದು ಸಲ ಕೇಳಿದ್ದೀರಾ?