ಕಾಲಿಗೆ ಕಾದ ಪೆಟ್ಟು

ಕಳೆದ ವಾರ ಫಳ್ನೀರಿನ ಕ್ಲಿನಿಕ್ಕಿನಲ್ಲಿ ನನ್ನ ಎರಡೂ ಕಾಲಿಗೆ ಕಪ್ಪು ಪಟ್ಟಿ ಕಟ್ಟಿದರು. ವಾಚಿನಷ್ಟು ಅಗಲ, ನಡುವೆ ಕಡಲೆಯಷ್ಟು ದೀಪ. ಮೊಣಕಾಲಿನ ಆಪರೇಶನ್ ಆದ ಮೇಲೆ ನನಗೆ ಹೆಜ್ಜೆ ಇಡಲು ಹೆದರಿಕೆ. ವ್ಯಾಯಾಮ ಮಾಡಿಸುವ ಹುಡುಗಿ ಮೊಬೈಲ್ ತೋರಿಸಿ ಕೇಳಿದಳು, "ಎಂತ ಸೌಂಡ್ ಬೇಕು ಅಜ್ಜ? ಪಿಯಾನೋ ಉಂಟು, ಹಕ್ಕಿ ಉಂಟು, ಡ್ರಮ್ ಉಂಟು."

"ಡ್ರಮ್ ಇರಲಿ," ಎಂದೆ.

ಕಾಲೆತ್ತಿ ಇಟ್ಟೆ. ಮೂಲೆಯ ಸ್ಪೀಕರಿನಿಂದ ಒಂದು ಪೆಟ್ಟು ಬಂತು. ಬೇಗ ಇಟ್ಟರೆ ಬೇಗ, ಮೆಲ್ಲ ಇಟ್ಟರೆ ಮೆಲ್ಲ. ನಾನು ಹೆದರಿ ನಿಂತೆ, ಅದೂ ನಿಂತಿತು.

"ನೀವು ಅದರ ಹಿಂದೆ ಓಡುವುದು ಬೇಡ. ಅದೇ ನಿಮ್ಮ ಹಿಂದೆ ಬರ್ತದೆ."

ನನಗೆ ಅಳು ಬಂತು. ನೋವಾಯಿತೆಂದು ಎಣಿಸಿ ಆಕೆ ಐಸ್ ತಂದಳು. ಮರ್ಯಾದೆ ಉಳಿಯಲಿ ಎಂದು ನಾನೂ ಸುಮ್ಮನೆ ಇಟ್ಟುಕೊಂಡೆ.

ಹರೆಯದಲ್ಲಿ ನಾನು ಹುಲಿವೇಷದ ತಂಡದಲ್ಲಿ ತಾಸೆ ಬಾರಿಸುತ್ತಿದ್ದೆ. ಕುತ್ತಿಗೆಗೆ ತೂಗುಹಾಕಿ ಸಪೂರ ಕೋಲಿನಿಂದ ಬಾರಿಸುವ ವಾದ್ಯ ಅದು. ವರ್ಷವಿಡೀ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವವನಿಗೆ ನವರಾತ್ರಿಯಲ್ಲಿ ಮಾತ್ರ ಒಂದು ಬೆಲೆ. ತಾಸೆ ಹೇಳಿದಂತೆ ಹುಲಿ ಕುಣಿಯಬೇಕು. ತಾಸೆ ನಿಲ್ಲುವ ಮೊದಲು ಹುಲಿ ನಿಂತರೆ ಅವಮಾನ. ಆದರೆ ನೋಡಿ, ಜನರ ಕಣ್ಣೆಲ್ಲ ಹುಲಿಯ ಮೇಲೆ. ನಮ್ಮ ದೊಡ್ಡ ಹುಲಿ ನನ್ನ ಗೆಳೆಯ ವಾಮನ. ಮಕ್ಕಳು ಅವನ ಬಾಲ ಮುಟ್ಟಲು ಓಡಿಬರುತ್ತಿದ್ದರು. ನನ್ನ ಬಳಿ ಬಂದವರು, "ಸ್ವಲ್ಪ ಆಚೆ ನಿಲ್ಲಿ, ಹುಲಿ ಕಾಣುವುದಿಲ್ಲ," ಎನ್ನುತ್ತಿದ್ದರು.

ಒಂದು ವರ್ಷ, ಬೋಳಾರದ ಒಂದು ಮನೆಯ ಅಂಗಳಕ್ಕೆ ಕುಣಿಯಲು ಹೋಗುವ ಮೊದಲು ವಾಮನ ಕಿವಿಯಲ್ಲಿ ಹೇಳಿದ, "ಇವತ್ತು ಮೆಲ್ಲ ಬಾರಿಸು ಮಾರಾಯ. ಮೊಣಗಂಟು ನೋವುಂಟು. ಯಾರಿಗೂ ಹೇಳ್ಬೇಡ."

ಮೆಲ್ಲನೆಯೇ ಶುರುಮಾಡಿದೆ. ಅಷ್ಟರಲ್ಲಿ ಮನೆಯವರು ಅವನ ಕೊರಳಿಗೆ ಹಾರ ಹಾಕಿದರು. ನನ್ನ ಕೈ ಬಿಸಿಯೇರಿತು. ವೇಗ ಹೆಚ್ಚಿಸಿದೆ. ಬಣ್ಣದ ನಡುವಿನಿಂದ ಅವನ ಕಣ್ಣು ನನ್ನನ್ನು ಬೇಡುತ್ತಿತ್ತು. ಕಂಡೂ ಬಾರಿಸಿದೆ. ಅವನು ನಿಲ್ಲಲಿಲ್ಲ, ಬಿದ್ದ. "ಹುಲಿಗೆ ವಯಸ್ಸಾಯ್ತು," ಎಂದು ಮೊದಲು ನಕ್ಕವನೂ ನಾನೇ.

ಆಮೇಲೆ ವಾಮನ ಬಣ್ಣ ಹಚ್ಚಲಿಲ್ಲ. ಕುಂಟುತ್ತಲೇ ಮುದುಕನಾದ. ನಾನು ಇಷ್ಟು ವರ್ಷವೂ ಅವನ ಮನೆಗೆ ಹೋಗಿ ಚಾ ಕುಡಿದು ಬಂದೆ. ಹೇಳಬೇಕಾದದ್ದನ್ನು ಮಾತ್ರ ಹೇಳಲಿಲ್ಲ.

ಮೊನ್ನೆ ವಾಕರ್ ಸಮೇತ ರಿಕ್ಷಾ ಹತ್ತಿ ಹೋದೆ. ಅವನ ಮನೆಯ ಜಗಲಿಯಲ್ಲಿ ಕೂತು, ಕ್ಲಿನಿಕ್ಕಿನ ಪಟ್ಟಿಯಿಂದ ಹಿಡಿದು ಬೋಳಾರದ ಅಂಗಳದವರೆಗೆ ಎಲ್ಲ ಹೇಳಿದೆ.

ವಾಮನ ಲೋಟ ಕೆಳಗಿಟ್ಟ. "ಬಾರಿಸಿದವನಿಗೆ ಮಾತ್ರ ಗೊತ್ತು ಅಂತ ಎಣಿಸಿದ್ದಿಯಾ? ಕುಣಿದವ ನಾನಲ್ವಾ?"

"ಮತ್ತೆ ಯಾಕೆ ಕೇಳ್ಲಿಲ್ಲ?"

"ನೀನೇ ಹೇಳ್ತಿ ಅಂತ ಕಾದೆ. ನೀನು ಚಾ ಕುಡಿದು ಕುಡಿದು ಹೋದಿ."

"ಸಿಟ್ಟು ಉಂಟಾ?"

"ಉಂಟು. ಇಲ್ಲದೆ ಎಂತ?" ನನ್ನ ವಾಕರನ್ನು ನೋಡಿದ. ಮತ್ತೆ, "ನಡೀಲಿಕ್ಕೆ ಹೇಳಿದ್ದಾರಲ್ಲ ನಿನಗೆ? ಏಳು," ಎಂದ.

ಸ್ಟೂಲನ್ನು ಹತ್ತಿರ ಎಳೆದುಕೊಂಡು ತಟ್ಟಲು ಎರಡು ಬೆರಳು ಎತ್ತಿ ಹಿಡಿದ, ನೋಟ ನನ್ನ ಕಾಲಿನ ಮೇಲೆ. ನಾನು ಒಂದು ಹೆಜ್ಜೆ ಇಟ್ಟೆ; ಒಂದು ಪೆಟ್ಟು. ಇನ್ನೊಂದು ಹೆಜ್ಜೆ, ಇನ್ನೊಂದು ಪೆಟ್ಟು. ಜಗಲಿಯ ನಡುವೆ ಮೊಣಕಾಲು ಚುಚ್ಚಿತು, ನಿಂತುಬಿಟ್ಟೆ.

ವಾಮನನ ಬೆರಳು ಎತ್ತಿದಲ್ಲೇ ನಿಂತಿತು.