ಬಂದ್ಯೋಡಿನ ನಾಝಿಯಾ ಪೆಟ್ಟಿಗೆ ಬಿಚ್ಚಿದ ಮೇಲೆ

ನಸುಕಿನ ಸುಬಹಿ ನಮಾಝ್ ಮುಗಿಸಿದ ನಾಝಿಯಾ ನೇರವಾಗಿ ಕೆಲಸಕ್ಕೆ ಕೂರುತ್ತಾರೆ. ಗಡಿನಾಡಿನ ಬಂದ್ಯೋಡು ಪೇಟೆಯಲ್ಲಿ ಬೇಕರಿಯ ಮೇಲಿನ ಒಂದೇ ಕೋಣೆ ಅವರ ಅಂಗಡಿ. ಕೆಳಗೆ ಹೆದ್ದಾರಿಯಲ್ಲಿ ಮೀನಿನ ಲಾರಿಗಳು ಬಿಟ್ಟರೆ ಬೇರೆ ಸದ್ದಿಲ್ಲ. ಪೇಟೆ ಎದ್ದು ಪಂಪು, ಫ್ರಿಜ್ಜು, ಗ್ರೈಂಡರುಗಳೆಲ್ಲ ಓಡತೊಡಗಿದರೆ ಇಲ್ಲಿ ಕರೆಂಟು ಕುಣಿಯುತ್ತದೆ. ಅಷ್ಟರೊಳಗೆ ಸೂಕ್ಷ್ಮದ ಕೆಲಸ ಮುಗಿಯಬೇಕು. ಅವರು ಹಾರ್ಡ್ ಡಿಸ್ಕೊಂದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಿಚ್ ಒತ್ತುತ್ತಾರೆ. ಮಗುವಿನ ಜ್ವರ ನೋಡುವವರ ಹಾಗೆ, ಅದರ ಕಂಪನ ಅಂಗೈಗೆ ತಾಗುತ್ತದೋ ಎಂದು ನೋಡುತ್ತಾರೆ.

"ತಿರುಗುತ್ತಾ ಇಲ್ಲ. ಸತ್ತದ್ದಾ, ಬರೀ ಎಚ್ಚರ ತಪ್ಪಿದ್ದಾ, ಅದನ್ನು ಈಗ ನೋಡ್ಬೇಕು."

ಡಿಸ್ಕು ಉಪ್ಪಳದ ಫೋಟೋಗ್ರಾಫರ್ ಒಬ್ಬರದ್ದು. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಷ್ಟಕ್ಕೆ ಇಳಿಸಿಕೊಡುವ ಲೋಹದ ಪೆಟ್ಟಿಗೆ, ಅಂದರೆ ಪವರ್ ಸಪ್ಲೈ, ಸುಟ್ಟುಹೋಗಿದೆ. ಹೊಸದು ಹಾಕಿದರೂ ಕಂಪ್ಯೂಟರಿಗೆ ಡಿಸ್ಕು ಕಾಣಿಸುತ್ತಿಲ್ಲ. ಅದರೊಳಗೆ ಯಾರದೋ ಮದುವೆ ಇದೆ. ಇಂಥ ಕೇಸುಗಳು ಹೊಸಂಗಡಿಯಿಂದ, ಕುಂಬಳೆಯಿಂದ, ಒಳಗಿನ ಊರುಗಳಿಂದ ಬಂದು ಈ ಮೇಜಿನ ಮೇಲೆ ಸಾಲುಗಟ್ಟುತ್ತವೆ.

ಸಿಟ್ಟು ಬರಬೇಕಾದ ಜಾಗದಲ್ಲಿ ಸಹನೆಯನ್ನು ಹೊಗಳುವುದು ನಮ್ಮಂಥ ಪತ್ರಿಕೆಯವರ ಚಾಳಿ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ನಾಝಿಯಾ ಸಹನಾಮಯಿ ಅಲ್ಲ. ಅವರ ಕತೆ ಕೇಳಿದ ಮೇಲೆ ನಾನೂ ಅಲ್ಲ.

ಹತ್ತನೇ ತರಗತಿಯ ನಂತರ ಅವರು ನಾಯ್ಮಾರ್ಮೂಲೆಯ ಕಂಪ್ಯೂಟರ್ ಸೆಂಟರಿಗೆ ಟೈಪಿಂಗ್ ಕಲಿಯಲು ಹೋಗಿದ್ದರು. ಸೆಂಟರಿನ ಕೃಷ್ಣಕುಮಾರ ಸರ್ ಒಂದು ದಿನ ಕೆಟ್ಟ ಯಂತ್ರ ಬಿಚ್ಚುತ್ತಿದ್ದಾಗ ಪಕ್ಕದಲ್ಲಿ ನಿಂತವರು ಮತ್ತೆ ಕೀಬೋರ್ಡಿಗೆ ಮರಳಲೇ ಇಲ್ಲ. ಮದುವೆಯಾದ ಮೇಲೆ ಗಂಡ ತಂಸೀರ್, ಗೂಡ್ಸ್ ಆಟೋ ಓಡಿಸುವವರು, ಈ ಕೋಣೆ ಹುಡುಕಿಕೊಟ್ಟರು. ಮೆಟ್ಟಿಲು ಹತ್ತಿ ಬಂದವರು ಮೊದಲು ಕೇಳುತ್ತಿದ್ದದ್ದು, "ರಿಪೇರಿಯವರು ಎಲ್ಲಿ?" ಎಂದು. ನಾಝಿಯಾ "ನಾನೇ" ಎಂದರೆ, "ಅಲ್ಲ, ಗಂಡಸರು ಯಾರೂ ಇಲ್ವಾ?" ಒಬ್ಬರಂತೂ ಆಟೋದಲ್ಲಿ ಕೂತಿದ್ದ ತಂಸೀರ್ ಕೈಗೇ ಕಂಪ್ಯೂಟರ್ ಕೊಟ್ಟು ಹೋಗಿದ್ದರಂತೆ. "ಅವರಿಗೆ ಬಲ್ಬು ಹಾಕ್ಲಿಕ್ಕೂ ಹೆದರಿಕೆ, ಮಾರಾಯ್ರೆ!" ನಾಝಿಯಾ ನಕ್ಕದ್ದು ಆ ಬೆಳಿಗ್ಗೆ ಅದೊಂದೇ ಸಲ.

ಹಾಗಿದ್ದೂ ಕೆಲಸ ಕೈ ಹಿಡಿಯಿತು. ಸುತ್ತಲಿನ ಶಾಲೆಗಳ ಕಂಪ್ಯೂಟರ್ ಲ್ಯಾಬುಗಳು ಅವರನ್ನೇ ಕರೆಯತೊಡಗಿದವು. 2016ರಲ್ಲಿ ಅಂಥದ್ದೊಂದು ಶಾಲೆಯಲ್ಲಿ ಹತ್ತನೇ ತರಗತಿಯ ಐಟಿ ಪ್ರಾಕ್ಟಿಕಲ್ ಪರೀಕ್ಷೆ ನಡೆಯುತ್ತಿತ್ತು. ಮಕ್ಕಳು ಕಂಪ್ಯೂಟರಿನಲ್ಲೇ ಬರೆಯುವ ಪರೀಕ್ಷೆ. ಉತ್ತರಗಳು ಆಯಾ ಯಂತ್ರದ ಡಿಸ್ಕಿನಲ್ಲಿ ಉಳಿಯುತ್ತವೆ, ಸಂಜೆ ಅವನ್ನು ಒಟ್ಟುಮಾಡಿ ಕಳಿಸಬೇಕು. ಮಧ್ಯಾಹ್ನ ಕರೆಂಟು ಹೋಗಿ, ರಪ್ಪನೆ ಬಂತು. ಮೂರು ಕಂಪ್ಯೂಟರುಗಳಿಂದ ಹೊಗೆ ಎದ್ದಿತು. ಲ್ಯಾಬಿನ ಹೊಣೆ ಹೊತ್ತಿದ್ದ ಸತ್ಯವತಿ ಟೀಚರ್ ನಾಝಿಯಾಗೆ ಫೋನು ಮಾಡಿದರು.

"ಬೇಗ ಬಾ ಮಾರಾಯ್ತಿ, ಮಕ್ಕಳ ಪರೀಕ್ಷೆ ಅದರೊಳಗೇ ಉಂಟು."

ನಾಝಿಯಾ ತಮ್ಮ ಚೀಲದಲ್ಲಿದ್ದ ಒಳ್ಳೆಯ ಪವರ್ ಸಪ್ಲೈ ಜೋಡಿಸಿ ನೋಡಿದರು. ಡಿಸ್ಕು ಕಳಚಿಟ್ಟರೆ ಕಂಪ್ಯೂಟರು ಏಳುತ್ತಿತ್ತು, ಸೇರಿಸಿದ ಕೂಡಲೇ ನಂದುತ್ತಿತ್ತು. ವಯರು ಬದಲಿಸಿದರು, ಬೇರೆ ಕಂಪ್ಯೂಟರಿಗೆ ಹಾಕಿದರು, ಅದೇ ಪಾಡು. ಆಗ ಅವರು ಇನ್ನೊಂದನ್ನು ಗಮನಿಸಿದರು. ಅದೇ ಲೈನಿನಲ್ಲಿದ್ದ ಹಳೆಯ ಕಂಪ್ಯೂಟರುಗಳೆಲ್ಲ ಕ್ಷೇಮವಾಗಿದ್ದವು. ಸುಟ್ಟದ್ದು, ಶಾಲೆಗಳಿಗೆ ಕಂಪ್ಯೂಟರ್ ಸಾಮಾನು ಒದಗಿಸುವ ಗುತ್ತಿಗೆದಾರ ಹಿಂದಿನ ತಿಂಗಳು ಹೊಸ ಪವರ್ ಸಪ್ಲೈ ಹಾಕಿಸಿದ್ದ ಮೂರು ಮಾತ್ರ.

ಗುತ್ತಿಗೆದಾರ ಬರಲಿಲ್ಲ, ಹೆಡ್ಮಾಸ್ತರರಿಗೆ ಫೋನು ಮಾಡಿದ. ಹೊರಗಿನವರು ಕೈಹಾಕಿದ ಮೇಲೆ ತನ್ನ ಜವಾಬ್ದಾರಿ ಮುಗಿಯಿತು ಎಂದ. ಹೆಡ್ಮಾಸ್ತರರು ನಾಝಿಯಾರ ಕಡೆ ತಿರುಗಿ, "ನಿಮಗೆ ಮುಟ್ಟಲು ಹೇಳಿದವರು ಯಾರು?" ಎಂದರು.

"ನಾನು," ಎಂದರು ಸತ್ಯವತಿ ಟೀಚರ್. "ಡಿಸ್ಕು ಅವಳೇ ತಗೊಂಡು ಹೋಗ್ಲಿ. ಏನಾದ್ರೂ ಆದ್ರೆ ನನ್ನ ತಲೆಗೆ ಬರ್ಲಿ."

ಮರುದಿನ ನಸುಕಿನಲ್ಲಿ ಇದೇ ಮೇಜಿನ ಮೇಲೆ ನಾಝಿಯಾ ಡಿಸ್ಕುಗಳ ಅಡಿಯ ಹಸಿರು ಸರ್ಕ್ಯೂಟ್ ಹಲಗೆ ಬಿಚ್ಚಿದರು. ಅದರಲ್ಲಿ ಕರೆಂಟು ಒಳಬರುವ ಬಾಗಿಲಲ್ಲೇ ಎಳ್ಳುಕಾಳಿನಷ್ಟು ಚಿಕ್ಕ ಕಾವಲುಗಾರನೊಬ್ಬ ಇರುತ್ತಾನೆ. ಕರೆಂಟು ಮಿತಿಮೀರಿ ನುಗ್ಗಿದರೆ ಆತ ತಾನೇ ಸುಟ್ಟುಹೋಗಿ ದಾರಿ ಕಟ್ಟುತ್ತಾನೆ. ಆ ಸುಟ್ಟ ಕಾಳನ್ನು ಕಿತ್ತು ತೆಗೆದಾಗ ಮೊದಲ ಡಿಸ್ಕು ಅಂಗೈಯಲ್ಲಿ ಸಣ್ಣಗೆ ಗುಂಯ್‌ಗುಟ್ಟಿತು. ಎರಡನೆಯದೂ. ಮಕ್ಕಳ ಉತ್ತರಗಳು ಇದ್ದಲ್ಲೇ ಇದ್ದವು. ಮೂರನೆಯದರಲ್ಲಿ ಬೆಂಕಿ ಕಾವಲು ದಾಟಿ ಒಳಗೆ ಹೋಗಿತ್ತು. ಅದೇ ನಮೂನೆಯ ಹಲಗೆಯನ್ನು ಮಂಗಳೂರಿನಿಂದ ತರಿಸಿ ಹಾಕಿ ನೋಡಿದರು. ಡಿಸ್ಕು ಏಳಲಿಲ್ಲ.

ಆ ಯಂತ್ರದಲ್ಲಿ ಬರೆದಿದ್ದ ಮಕ್ಕಳು ಮತ್ತೊಮ್ಮೆ ಪರೀಕ್ಷೆ ಬರೆಯಬೇಕಾಯಿತು. ಕಲ್ಲುಕೋರೆಯಲ್ಲಿ ದುಡಿಯುವ ಚನಿಯರ ಮಗಳು ಶ್ಯಾಮಲಾ ಅವರಲ್ಲಿ ಒಬ್ಬಳು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಹುಡುಗಿ, ಸಂಜೆ ಶಾಲೆ ಬಿಟ್ಟ ಮೇಲೂ ಲ್ಯಾಬಿನಲ್ಲಿ ಉಳಿದು ಕಲಿತವಳು. ಮೊದಲ ಸಲ ಎಲ್ಲ ಮುಗಿಸಿ ಕುಣಿಯುತ್ತಾ ಹೊರಗೆ ಬಂದಿದ್ದಳು. ಎರಡನೇ ಸಲ, ಈ ಯಂತ್ರವೂ ಸುಡುತ್ತದೋ ಎಂದು ಪ್ರಶ್ನೆಗೊಮ್ಮೆ ಟೀಚರನ್ನು ಕೇಳುತ್ತಿದ್ದಳಂತೆ.

"ಆ ಮಗು ಎಂತ ತಪ್ಪು ಮಾಡಿದ್ದು ಹೇಳಿ?" ನಾಝಿಯಾರ ಧ್ವನಿ ಏರುತ್ತದೆ. "ನನ್ನ ಹೆಸರು ಹಾಳಾದದ್ದು ಇರ್ಲಿ. ಆ ಮಗು ಎಂತ ಮಾಡಿದ್ದು?"

ಹೆಸರು ಹಾಳಾದದ್ದು ನಿಜ. ಉಳಿದ ಎರಡು ಡಿಸ್ಕುಗಳನ್ನು ಉಳಿಸಿಕೊಟ್ಟದ್ದನ್ನು ಯಾರೂ ನೆನೆಯಲಿಲ್ಲ. ಸತ್ತ ಒಂದರ ಸುದ್ದಿ ಮಾತ್ರ ಶಾಲೆಯಿಂದ ಶಾಲೆಗೆ ನಡೆದುಹೋಯಿತು. ಲ್ಯಾಬುಗಳಿಂದ ಫೋನು ಬರುವುದು ನಿಂತಿತು.

ಅವರು ಅಳುತ್ತಾ ಕೂರಲಿಲ್ಲ. ಸುಟ್ಟ ಪವರ್ ಸಪ್ಲೈಗಳ ಸ್ಕ್ರೂ ಬಿಚ್ಚಿದರು. ಕರೆಂಟಿನ ಹೊಡೆತ ತಾಳಬೇಕಾದ ಭಾಗಗಳ ಜಾಗ ಬೋಳಾಗಿತ್ತು. ಕೈಗೆ ಭಾರ ಹತ್ತಲೆಂದು ಮೂಲೆಯಲ್ಲಿ ಸಿಮೆಂಟಿನ ಉಂಡೆ ಅಂಟಿಸಿದ್ದರು. ಹೌದು, ಸಿಮೆಂಟು. ಮಕ್ಕಳ ಪರೀಕ್ಷೆಯನ್ನು ನಂಬಿ ಒಪ್ಪಿಸಿದ ಪೆಟ್ಟಿಗೆಯೊಳಗೆ ಮನೆ ಕಟ್ಟುವ ಸಿಮೆಂಟು.

ಅವುಗಳಲ್ಲಿ ಒಂದನ್ನು ಚೀಲಕ್ಕೆ ಹಾಕಿ, ಬಸ್ಸು ಹತ್ತಿ, ದೂರು ಕೊಡಲು ವಿದ್ಯಾನಗರದ ಸರ್ಕಾರಿ ಕಚೇರಿಯೊಂದಕ್ಕೆ ಹೋದರು. ಸತ್ಯವತಿ ಟೀಚರ್ ರಜೆ ಹಾಕಿ ಜೊತೆಗೆ ಬಂದರು. ಕನ್ನಡದ ದೂರನ್ನು ಗುಮಾಸ್ತರು ತಿರುಗಿಸಿ ನೋಡಿ, ಮಲಯಾಳದಲ್ಲಿ ಬರೆದು ತನ್ನಿ ಎಂದರು. ನಾಝಿಯಾ ಅಲ್ಲೇ ಮಲಯಾಳದಲ್ಲಿ ಇಡೀ ಕತೆ ಹೇಳಿ, ತೆರೆದ ಪೆಟ್ಟಿಗೆಯನ್ನು ಮುಂದಿಟ್ಟರು. ಗುಮಾಸ್ತರು ಹೇಳಿದ್ದು ಇಷ್ಟೇ: "ಮೇಜಿನಿಂದ ತೆಗೆಯಿರಿ, ಗಾಜಿಗೆ ಗೀರು ಬೀಳುತ್ತದೆ."

ಈ ವಾಕ್ಯ ಬರೆಯುವಾಗ ನನ್ನ ಪೆನ್ನು ಕಾಗದ ಹರಿಯುವಷ್ಟು ಒತ್ತಿತು. ಮಗುವಿನ ಪರೀಕ್ಷೆ ಸುಡಬಹುದು, ಸರ್ಕಾರದ ಮೇಜಿಗೆ ಗೀರು ಬೀಳಬಾರದು! ದೂರಿಗೆ ಇಂದಿನವರೆಗೆ ಉತ್ತರವಿಲ್ಲ. ಗುತ್ತಿಗೆದಾರ ಈಗಲೂ ಗುತ್ತಿಗೆದಾರನೇ.

ಆದರೆ ಸತ್ಯವತಿ ಟೀಚರ್ ಸುಮ್ಮನಿರಲಿಲ್ಲ. ಆ ಪೆಟ್ಟಿಗೆಯನ್ನು ತಾವೇ ಹೊತ್ತು ಒಂದೊಂದೇ ಶಾಲೆಯ ಸ್ಟಾಫ್ ರೂಮಿಗೆ ಹೋದರು. "ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಅವಳ ಬಗ್ಗೆ ಮಾತಾಡಿ," ಎಂದರು. ಒಂದು ಶಾಲೆಯಿಂದ ಫೋನು ಬಂತು, ಮತ್ತೆ ಇನ್ನೊಂದರಿಂದ. ಈಗ ಎರಡು ವರ್ಷದ ನಂತರ, ಸುತ್ತಲಿನ ಹಲವು ಲ್ಯಾಬುಗಳಲ್ಲಿ ನಾಝಿಯಾ ಬಿಚ್ಚಿ ನೋಡದ ಪವರ್ ಸಪ್ಲೈಯನ್ನು ಟೀಚರುಗಳು ಒಳಗೆ ಬಿಡುವುದಿಲ್ಲ. ಇದಕ್ಕೆ ಆದೇಶವಿಲ್ಲ, ಹುದ್ದೆಯಿಲ್ಲ. ಇರುವುದು ಹಟ ಮಾತ್ರ.

ಶ್ಯಾಮಲಾ ಪಾಸಾದಳು. ಈಗ ಪ್ಲಸ್ ಟು ಮುಗಿಸಿದ್ದಾಳೆ. "ಕಂಪ್ಯೂಟರ್ ಬೇಡ ಅಂತ ಕಾಮರ್ಸ್ ತಗೊಂಡದ್ದಂತೆ," ಎಂದು ನಾಝಿಯಾ ಮುಖ ತಿರುಗಿಸುತ್ತಾರೆ. ಅದನ್ನು ಅವರು ಕ್ಷಮಿಸಿಲ್ಲ. ಹುಡುಗಿಯನ್ನಲ್ಲ, ಅವಳನ್ನು ಹೆದರಿಸಿದವರನ್ನು.

ನಾನು ಅವರ ಜೊತೆ ಹೋದ ದಿನ ಒಂದು ಶಾಲೆಗೆ ಹೊಸ ಪವರ್ ಸಪ್ಲೈಗಳು ಬಂದಿದ್ದವು. ತಂದವನು ಅದೇ ಗುತ್ತಿಗೆದಾರನ ಆಳು. ನಾಝಿಯಾ ವರಾಂಡದಲ್ಲಿ ನೆಲದ ಮೇಲೆ ಕೂತು ಒಂದೊಂದಾಗಿ ಬಿಚ್ಚಿದರು. ಕೆಲವನ್ನು ಬಲಗಡೆಗೆ ಇಟ್ಟರು, ಹೆಚ್ಚಿನವನ್ನು ಅವನ ಕಾಲ ಬುಡಕ್ಕೆ ತಳ್ಳಿದರು. ಅವನು ಸಿಟ್ಟಿನಿಂದ ಕೆಂಪಾಗಿ ಕೇಳಿದ, "ಇದನ್ನೆಲ್ಲ ಬಿಚ್ಚಲಿಕ್ಕೆ ನೀವು ಯಾರು?"

ನಾಝಿಯಾ ತಲೆ ಎತ್ತಲಿಲ್ಲ, ಮುಂದಿನ ಪೆಟ್ಟಿಗೆಗೆ ಕೈ ಚಾಚಿದರು.

"ಇದು ಸುಟ್ಟರೆ ಫೋನು ಬರುದು ನನಗೆ. ಅದಕ್ಕೇ ಈ ಸರ್ತಿ ಮೊದಲೇ ಬಂದದ್ದು."