ಮೆಷಿನ್ನಿನ ಬೆನ್ನಿಗೆ ಕಟ್ಟಿದ ರಾಗಿ

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಸ ಗುಡಿಸಿ ನೆಲ ಒರೆಸುತ್ತಿದ್ದವಳು. ಓದು ಬರಹ ಅಷ್ಟಕ್ಕಷ್ಟೆ. ಇಷ್ಟು ಬರೆಯುವುದಕ್ಕೆ ಮೂರು ದಿನ ಹಿಡಿಯಿತು.

ಆಗ ಚಿನ್ನದ ಗಣಿ ಕೆಲಸಗಾರರಿಗೆಂದು ಕಟ್ಟಿದ ಊರಿಗಾಂ ಲೈನಿನ ತಗಡಿನ ಮನೆಯಲ್ಲಿದ್ದೆ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ ಮಕ್ಕಳ ಹಿಟ್ಟು ಮಾಡಿ ಆಂಡರ್ಸನ್‌ಪೇಟೆಯಲ್ಲಿ ಮಾರುತ್ತಿದ್ದೆ. ಚಳಿಗಾಲದಲ್ಲಿ ಮನೆಯಲ್ಲಿಟ್ಟರೆ ಮೊಳಕೆ ಬರಲು ಮೂರು ದಿನ ಬೇಕು. ಎಕ್ಸ್‌ಚೇಂಜಿನಲ್ಲಿ ಬೀರುವಿನಷ್ಟು ದೊಡ್ಡದೊಂದು ಮೆಷಿನ್ ಇತ್ತು. ಯಾರು ಯಾರ ಜೊತೆ ಎಷ್ಟು ಹೊತ್ತು ಮಾತಾಡಿದರು ಅನ್ನುವುದನ್ನು ಬಿಲ್ಲಿಗಾಗಿ ಬರೆದಿಟ್ಟುಕೊಳ್ಳುವ ಮೆಷಿನ್. ಅದರ ಬೆನ್ನಿಗೆ ಜಾಲರಿ, ಜಾಲರಿಯಿಂದ ಬಿಸಿ ಗಾಳಿ. ಸಂಜೆ ಹೋಗುವಾಗ ಒದ್ದೆ ಬಟ್ಟೆಯ ರಾಗಿ ಗಂಟನ್ನು ಅಲ್ಲಿಗೆ ಒತ್ತಿ ಕಟ್ಟಿದರೆ ಬೆಳಿಗ್ಗೆಗೆ ಬೆಳ್ಳಗೆ ಮೊಳಕೆ. ಬಾಗಿಲು ತೆಗೆಯುವವಳು ನಾನೇ. ಯಾರೂ ಬರುವ ಮೊದಲೇ ಗಂಟು ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದೆ.

ಆ ಮೆಷಿನ್ ಅಲಾರಂ ಹೊಡೆಯತೊಡಗಿತು. ಕೆಲವು ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಕೆಂಪು ದೀಪ, ಕುಂಯ್ ಅನ್ನುವ ಸದ್ದು. ಬಿಸಿಯಾಗಿ ಬರೆಯುವುದನ್ನೇ ನಿಲ್ಲಿಸುತ್ತಿತ್ತಂತೆ. ಮೊದಮೊದಲು ಯಾಕೆಂದು ನನಗೂ ತಿಳಿಯಲಿಲ್ಲ. ಬಂಗಾರಪೇಟೆಯಿಂದ ರೈಲಿನಲ್ಲಿ ಇಂಜಿನಿಯರ್ ಬರುತ್ತಿದ್ದ. ಕ್ಯಾಸಂಬಳ್ಳಿ ಕಡೆಯ ರೈತರ ಮನೆಯವನು, ಒಂದು ಕೂಸಿನ ತಂದೆ. ಆ ಕೂಸಿಗೂ ನನ್ನ ಹಿಟ್ಟೇ. ಅವನು ಕಾರ್ಡು ಬದಲಾಯಿಸಿದ, ಫ್ಯಾನು ಬದಲಾಯಿಸಿದ, ಅರ್ಥ್ ತಂತಿ ನೋಡಿದ. ಅವನಿದ್ದಷ್ಟು ಹೊತ್ತು ಮೆಷಿನ್ ತಣ್ಣಗಿರುತ್ತಿತ್ತು.

“ಇದಕ್ಕೆ ದೆವ್ವ ಇಡ್ಕಂಡೈತೆ ಕಣಕ್ಕಾ. ನಾನ್ ಬಂದ್ರೆ ಸುಮ್ಕಿರ್ತೈತೆ, ಓದ್ರೆ ಬಡ್ಕಂತೈತೆ. ನಮ್ಮನೆ ಕೂಸಿನ ತರ!”

“ಯಾವ್ಯಾವತ್ತು ಬಡ್ಕಂತೈತೆ ಸಾಮಿ?”

“ಸೋಮವಾರ, ಗುರುವಾರ ರಾತ್ರಿ. ಬ್ಯಾರೆ ದಿನ ಇಲ್ಲ. ಅದಕ್ಕೇ ತಲೆ ಕೆಟ್ಟೋಗೈತೆ.”

ಸೋಮವಾರ, ಗುರುವಾರ ನಾನು ಗಂಟು ಕಟ್ಟುವ ದಿನ. ಬಿಸಿ ಗಾಳಿ ಹೊರಗೆ ಹೋಗದಂತೆ ಅಡ್ಡ ಕೂತದ್ದು ನನ್ನ ಗಂಟೇ. ಆಗಲೇ ಹೇಳಬೇಕಿತ್ತು. ಕೆಲಸ ಹೋಗುತ್ತದೆ ಅನಿಸಿತು. ಬಾಯಿಂದ ಬಂದದ್ದು ಬೇರೆ.

“ನಿಂಬೆಣ್ಣು ಕುಯ್ದು ಕುಂಕುಮ ಆಕಿ ಇಡ್ತೀನಿ ಬುಡು. ಎಲ್ಲಾ ಓಗ್ತೈತೆ.”

“ಇಡಕ್ಕಾ. ನನ್ ವಿದ್ಯೆ ಎಲ್ಲಾ ಮುಗೀತು, ನಿಂದೂ ಒಂದ್ ನೋಡಾನ.”

ಇಟ್ಟೆ. ಗಂಟು ಕಟ್ಟುವುದನ್ನೂ ಬಿಟ್ಟೆ. ಅಲಾರಂ ನಿಂತಿತು. ಅವನು ನಗುತ್ತಾ ನನಗೆ ಕೈ ಮುಗಿದ. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ಮೈಮೇಲೆ ಹುಳ ಹರಿದಂತಾಗುತ್ತದೆ.

ಮೆಷಿನ್ ಬರೆಯದೆ ಬಿಟ್ಟ ದಿನಗಳ ವಿಚಾರಣೆಗೆ ದೊಡ್ಡ ಸಾಹೇಬರು ಬಂದರು. ಕಾರಣ ಸಿಗದಿದ್ದರೆ ತಪ್ಪು ಅವನ ತಲೆಗೇ ಬರುತ್ತದೆ ಎಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಸಾಹೇಬರ ಕಣ್ಣಿಗೆ ಮೊದಲು ಬಿದ್ದದ್ದೇ ಬಾಡಿದ ನಿಂಬೆಹಣ್ಣು.

“ಏನಯ್ಯಾ ಇದು? ನೀನು ಇಂಜಿನಿಯರೋ, ಮಂತ್ರವಾದಿಯೋ?”

ಅವನು ನನ್ನ ಹೆಸರೆತ್ತಲಿಲ್ಲ. ಫ್ಯಾನು ತೋರಿಸಲು ಜಾಲರಿ ಬಿಚ್ಚಿದ. ಸಂದಿನಿಂದ ನಾಲ್ಕು ರಾಗಿ ಕಾಳು ಅವನ ಅಂಗೈಗೆ ಉದುರಿದವು, ಒಣಗಿದ ಮೊಳಕೆಯ ಸಮೇತ. ರೈತರ ಮನೆಯವನಿಗೆ ಅದೇನೆಂದು ಹೇಳಿಕೊಡಬೇಕೆ? ಕಾಳು ನೋಡಿದ. ನನ್ನನ್ನು ನೋಡಿದ.

“ಏನದು?” ಎಂದರು ಸಾಹೇಬರು.

“ಧೂಳು, ಸಾರ್.” ಅಂಗೈ ಮುಚ್ಚಿಕೊಂಡ.

ನಾನು ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದೆ.

ಅವನನ್ನು ದೂರದ ಊರಿಗೆ ಹಾಕಿದರು. ಹೊರಡುವ ಹಿಂದಿನ ದಿನ ನನ್ನ ಮನೆಗೆ ಬಂದ.

“ಕೂಸಿಗೆ ಎರಡ್ ಸೇರು ರಾಗಿ ಇಟ್ಟು ಕೊಡಕ್ಕಾ. ಅಲ್ಲಿ ಸಿಗಾಕಿಲ್ಲ.”

ಹಿಟ್ಟು ಕಟ್ಟಿಕೊಟ್ಟೆ. ನಾನೇನಾದರೂ ಹೇಳಬಹುದೆಂದು ಸ್ವಲ್ಪ ಹೊತ್ತು ನಿಂತಿದ್ದ. ನಾನು ಮೊರದ ಕಡೆ ತಿರುಗಿ ರಾಗಿ ಕೇರುತ್ತಾ ಕೂತೆ. ದುಡ್ಡು ಬೇಡ ಅಂದಿದ್ದೆ. ಅವನು ಹೊಸ್ತಿಲ ಮೇಲಿಟ್ಟು ಹೋದ. ಅವನು ತಿರುವು ದಾಟುವವರೆಗೆ ಕಾದು, ತೆಗೆದುಕೊಂಡೆ.